ಹಡಗಿನಲ್ಲಿ ಉಳಿದವಳಿಗೆ ಊರು ಹೇಳುವುದು

ಗಾನವಿ ಬಿದ್ದರೆ ನನಗೆ ಯಾರು ಹೇಳುತ್ತಾರೆ? ಅವಳಿಗೆ ಹನ್ನೊಂದು ತಿಂಗಳು ತುಂಬಿದ ದಿನದಿಂದ ಈ ಪ್ರಶ್ನೆ ನನ್ನ ತಲೆಯಿಂದ ಇಳಿದಿರಲಿಲ್ಲ. ಮಕ್ಕಳು ಬೀಳುತ್ತವೆ, ಅದು ಗೊತ್ತು. ಆದರೆ ನಾನು ಆಫೀಸಿನಲ್ಲಿ ಕೂತಿರುವಾಗ ಅವಳು ಬಿದ್ದು, ಅತ್ತು, ಸುಮ್ಮನಾಗಿ, ಸಂಜೆ ನಾನು ಹೋದಾಗ ಯಾರೂ ಏನೂ ಹೇಳದೆ ನಗುನಗುತ್ತ ಮಗುವನ್ನು ಕೈಗೆ ಕೊಟ್ಟುಬಿಟ್ಟರೆ? ನಾನು ಸ್ನಾನ ಮಾಡಿಸಿ ಮಲಗಿಸುತ್ತೇನೆ. ನನ್ನ ಮಗಳ ಒಂದು ದಿನ ನನಗೆ ತಿಳಿಯದೆಯೇ ಕಳೆದುಹೋಗಿರುತ್ತದೆ.

ಸೋಮವಾರ ನಾನು ಕೆಲಸಕ್ಕೆ ವಾಪಸಾಗಬೇಕಿತ್ತು. ಬೆಂಗಳೂರಿನಿಂದ ಬಂದಿದ್ದ ಅಮ್ಮನ ವೀಸಾ ಮುಗಿದು ಅವರು ಹೊರಟುಹೋಗಿದ್ದರು. ಬರುತ್ತೇನೋ ಕೆಲಸ ಬಿಡುತ್ತೇನೋ ಎಂದು ಶುಕ್ರವಾರ ಸಂಜೆಯೊಳಗೆ ಆಫೀಸಿಗೆ ತಿಳಿಸಬೇಕು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. "ದಿನಾ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಹುಡುಕಿ ಹೀಗಾಗಿದ್ದೀಯ" ಎಂದು ನನ್ನ ಗಂಡ ಪೃಥ್ವಿ ಛೇಡಿಸುತ್ತಿದ್ದ. ಅವನಿಗೇನು, ಬೆಳಿಗ್ಗೆ ಕಾರು ತೆಗೆದುಕೊಂಡು ಸೈಬರ್‌ಜಯಾದ ಆಫೀಸಿಗೆ ಹೋದರೆ ಮನೆಯ ಚಿಂತೆ ಪಾರ್ಕಿಂಗ್‌ನಲ್ಲೇ ಉಳಿಯುತ್ತದೆ.

ಬಾಂಗ್ಸಾರ್‌ನಲ್ಲಿ ನಮ್ಮ ಮನೆ ಹತ್ತಿರವೇ ಒಂದು ಶಿಶುವಿಹಾರವಿತ್ತು. ಗಾಜಿನ ಗೋಡೆ, ಎಸಿ, ಗಂಟೆಗೊಂದು ಫೋಟೋ ಮೊಬೈಲಿಗೆ ಬರುತ್ತದೆ. ಮಕ್ಕಳು ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. ನಮ್ಮಲ್ಲಿ ಯಾವ ಮಗುವೂ ಈವರೆಗೆ ಬಿದ್ದಿಲ್ಲ ಎಂದರು. ಸಮಾಧಾನವಾಯಿತು. ಒಳಿತು ಕೆಡುಕುಗಳನ್ನು ನಾನು ಬರೆದುಕೊಳ್ಳುತ್ತಿದ್ದ ಪಟ್ಟಿಯಲ್ಲಿ ಆ ಮಾತೇ ಮೊದಲನೆಯದಾಯಿತು.

ಇನ್ನೊಂದು ಹೆಸರು ಬಂದದ್ದು ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಿಂದ: ವೇದವತಿ. ಪುತ್ತೂರಿನ ಕಡೆಯವರು, ಮನೆಯಲ್ಲೇ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಗಂಡ ಜನಾರ್ದನ ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆ ಆಫೀಸಿನಲ್ಲಿದ್ದಾರೆ. ಆಫೀಸಿನ ಗಡುವಿಗೆ ಆರು ದಿನ ಮುಂಚೆ, ಶನಿವಾರ ಬೆಳಿಗ್ಗೆ, ಗಾನವಿಯನ್ನು ಎತ್ತಿಕೊಂಡು ಹೋದೆ. ಎಲ್‌ಆರ್‌ಟಿ ರೈಲು ಹಳಿಯ ಪಕ್ಕದ ಹಳೆಯ ಫ್ಲಾಟು, ಮೂರನೇ ಮಹಡಿ, ಲಿಫ್ಟ್ ಇಲ್ಲ. ರೈಲು ಹೋದಾಗಲೆಲ್ಲ ಕಿಟಕಿಯ ಸರಳು ಸಣ್ಣಗೆ ನಡುಗುತ್ತದೆ. ಪಟ್ಟಿಯಲ್ಲಿ ಅದನ್ನೂ ಬರೆದುಕೊಂಡೆ.

ವೇದವತಿ ನಲವತ್ತರ ಹತ್ತಿರದ, ಗಿಡ್ಡಗಿನ ಹೆಂಗಸು. ಅಡುಗೆಮನೆಯ ಬಾಗಿಲಲ್ಲಿ ಅವರ ಸ್ನೇಹಿತೆ, ಕ್ಲಾಂಗಿನ ತಮಿಳರಾಕೆ ಲಕ್ಷ್ಮಿ, ಮಾಮಕ್ ಟೀ ಅಂಗಡಿಯಿಂದ ತಪಾವ್ ಎಂದು ಕಟ್ಟಿಸಿಕೊಂಡು ತಂದಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕುತ್ತಿದ್ದರು. ನಾನು ಕೂತವಳೇ ಪ್ರಶ್ನೆ ಶುರುಮಾಡಿದೆ. ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದದ್ದಕ್ಕೆ ವೇದವತಿ ಹಡಗಿನಲ್ಲಿ ಎಂದರು.

ಮಂಗಳೂರಿನಲ್ಲಿ ಹೋಟೆಲ್ ಡಿಪ್ಲೊಮಾ ಮಾಡಿ, ಇಪ್ಪತ್ಮೂರನೇ ವಯಸ್ಸಿಗೆ ಪ್ರವಾಸಿ ಹಡಗು ಹತ್ತಿದವರು ಅವರು. ಎಂಟು ತಿಂಗಳು ಹಡಗು, ಎರಡು ತಿಂಗಳು ಊರು, ಹೀಗೆ ಆರು ವರ್ಷ. ಪ್ರಯಾಣಿಕರ ಹದಿನೆಂಟು ಕೋಣೆಗಳ ಹಾಸಿಗೆ, ಟವೆಲು, ಬಚ್ಚಲು ಅವರದು. ಬೇಸಿಗೆಯಲ್ಲೆಲ್ಲ ಹಡಗು ಮೆಡಿಟರೇನಿಯನ್ ಸಮುದ್ರದಲ್ಲೇ ಸುತ್ತುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕೋಣೆಗಳ ಕೆಲಸ ಮುಗಿದರೆ ಸಂಜೆಯ ಕೆಲಸದವರೆಗೆ ಬಿಡುವು. ಆ ಬಿಡುವಿನಲ್ಲಿ ಊರು ನೋಡಬೇಕು. ಜೊತೆಗೆ ಅದೇ ಕೆಲಸದ ಮೂವರು: ಲಕ್ಷ್ಮಿ, ಫಿಲಿಪ್ಪೀನ್ಸಿನ ಮರಿಸೆಲ್, ಬಾಲಿಯ ವಯನ್.

"ಮಾರ್ಸೇ ಬಂದರಿನಲ್ಲಿ ದಕ್ಕೆಯ ಮೇಲೆಯೇ ಮೀನು ಮಾರ್ತಾರೆ ಮಾರಾಯ್ರೆ. ಬೂತಾಯಿ ಉಂಟು, ನಮ್ಮದೇ ಬೂತಾಯಿ. ನಾನು ಅಲ್ಲಿ ನಿಂತು ಸುಮ್ಮನೆ ವಾಸನೆ ತೆಗೆದುಕೊಂಡದ್ದು." ಬಾರ್ಸಿಲೋನಾದ ಈಚಲು ಮರಗಳಲ್ಲಿ ಹಸಿರು ಗಿಳಿಗಳಿದ್ದವಂತೆ. ನೇಪಲ್ಸಿನ ಗಲ್ಲಿಗಳಲ್ಲಿ ತಲೆಯ ಮೇಲೆ ಎದುರುಬದುರು ಮನೆಗಳ ಬಟ್ಟೆ ಒಣಗುತ್ತಿದ್ದವಂತೆ, ಮರಿಸೆಲ್‌ಳ ಕೂದಲ ಮೇಲೆ ಯಾರದೋ ಕಾಲುಚೀಲ ಬಿದ್ದಿತ್ತಂತೆ. ಆಮೇಲೆ ಮಾಲ್ಟಾದ ವಲೆಟ್ಟಾ ಊರಿನ ಮೆಟ್ಟಿಲು ಬೀದಿಗಳ ಬಗ್ಗೆ ಶುರುಮಾಡಿದರು. ಎಷ್ಟು ಮೆಟ್ಟಿಲು, ಯಾವ ತಿರುವಿನಲ್ಲಿ ಬೆಕ್ಕು, ಎಲ್ಲಿ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು.

ಅಡುಗೆಮನೆಯಿಂದ ಲಕ್ಷ್ಮಿ ಕೂಗಿದರು, ಅರ್ಧ ತಮಿಳು ಅರ್ಧ ಇಂಗ್ಲಿಷು. ನೀನೆಲ್ಲಿ ಇಳಿದೆ ಲಾ, ಆವತ್ತು ನೀನು ಡ್ಯೂಟಿ, ಕಿತ್ತದ್ದು ನನ್ನ ಚಪ್ಪಲಿ!

ವೇದವತಿ ಸ್ವಲ್ಪ ಹೊತ್ತು ಯೋಚಿಸಿ, ಹೌದು ಎಂದು ಒಪ್ಪಿಕೊಂಡರು. ಏನಿದು, ಇಳಿಯದ ಊರನ್ನು ನೋಡಿದ ಹಾಗೆ ಹೇಳಿದಿರಲ್ಲ ಎಂದು ಕೇಳಿದೆ. ಆಗ ಬಿಡಿಸಿ ಹೇಳಿದರು. ಹಡಗು ಬಂದರಿನಲ್ಲಿ ನಿಂತಾಗ ಕೆಲಸದವರೆಲ್ಲ ಇಳಿಯುವ ಹಾಗಿಲ್ಲ. ಬೆಂಕಿಗಿಂಕಿ ಹತ್ತಿಕೊಂಡರೆ ನೋಡಿಕೊಳ್ಳಲು ಒಂದು ಪಾಲು ಜನ ಮೇಲೆಯೇ ಇರಬೇಕು. ಅದು ಬಂದರು ಡ್ಯೂಟಿ. ಈ ನಾಲ್ವರು ಬೇರೆಯವರ ಜೊತೆ ಅದಲುಬದಲು ಮಾಡಿಕೊಂಡು, ಪ್ರತಿ ಊರಿನಲ್ಲೂ ತಮ್ಮಲ್ಲಿ ಒಬ್ಬಳೇ ಉಳಿಯುವಂತೆ ಹೊಂದಿಸಿಕೊಂಡಿದ್ದರು. ಇಳಿದ ಮೂವರು ಹಿಂದಿರುಗಿದ ಮೇಲೆ ಉಳಿದವಳಿಗೆ ಊರು ಹೇಳಬೇಕು. ಸೀದಾ ಅವಳ ಎದುರು ಕೂತು, ಮೊದಲಿನಿಂದ ಕೊನೆಯವರೆಗೆ. ಚಂದದ್ದು ಮಾತ್ರವಲ್ಲ, ಚರಂಡಿಯ ವಾಸನೆ, ದಾರಿ ತಪ್ಪಿದ್ದು, ತಮ್ಮತಮ್ಮಲ್ಲಿ ಜಗಳವಾದದ್ದು, ಎಲ್ಲ.

"ಯಾಕೆ, ಒಳ್ಳೆಯದಷ್ಟೇ ಹೇಳಿದರೆ ಸಾಲದಾ?" ಎಂದೆ.

"ಸಾಲದು. ಒಳ್ಳೆಯದು ಮಾತ್ರ ಹೇಳಿದರೆ ಅವಳಿಗೆ ಫೋಟೋ ನೋಡಿದ ಹಾಗೆ ಆಗ್ತದೆ, ಊರು ಸಿಗುವುದಿಲ್ಲ. ಉಳಿದವಳಿಗೆ ಎಂತದೂ ಮುಚ್ಚಿಡಬಾರದು, ಅದು ನಮ್ಮ ಕಾನೂನು."

ಆಮೇಲೆ, ನಾನು ಕೇಳದೆಯೇ, ಮೆಸ್ಸಿನಾದ ಕಥೆ ಹೇಳಿದರು. "ಇದು ನಿಮಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ" ಎಂದೇ ಶುರುಮಾಡಿದರು. ಹಡಗು ಗ್ರೀಸಿನಿಂದ ಇಟಲಿಯ ಮೆಸ್ಸಿನಾಕ್ಕೆ ಬಂದಿತ್ತು. ಗ್ರೀಸಿಗಿಂತ ಇಟಲಿಯ ಗಡಿಯಾರ ಒಂದು ಗಂಟೆ ಹಿಂದೆ. ಆದರೆ ಹಡಗಿಗೆ ತನ್ನದೇ ಹೊತ್ತು, ಕ್ಯಾಪ್ಟನ್ ಬದಲಿಸುವವರೆಗೆ ಅದು ಬದಲಾಗುವುದಿಲ್ಲ. ಆವತ್ತು ಹಡಗು ಇನ್ನೂ ಗ್ರೀಸಿನ ಹೊತ್ತಿನಲ್ಲೇ ಇತ್ತು. ಇಳಿದ ಮೂವರಲ್ಲಿ ವಾಚು ನೋಡುವ ಜವಾಬ್ದಾರಿ ಯಾವಾಗಲೂ ವೇದವತಿಯದೇ. ಊರಿನ ದೊಡ್ಡ ಚರ್ಚಿನ ಗೋಪುರದ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಚಿನ್ನದ ಬಣ್ಣದ ಸಿಂಹ ಗರ್ಜಿಸುತ್ತದೆ, ಹುಂಜ ಕೂಗುತ್ತದೆ. ಬಾಯಿ ಬಿಟ್ಟುಕೊಂಡು ನೋಡಿದ ಮೇಲೆ ವಾಚು ನೋಡಿಕೊಂಡರೆ ಒಂದು ಗಂಟೆ! ಅಷ್ಟು ದೊಡ್ಡ ಚರ್ಚಿನ ಗಡಿಯಾರ ಸುಳ್ಳು ಹೇಳುತ್ತದೆಯೇ? ತನ್ನ ವಾಚೇ ಕೆಟ್ಟಿದೆಯೆಂದು ಅಲ್ಲೇ ನಿಂತು ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಸರಿಮಾಡಿಕೊಂಡರು.

ನಾಲ್ಕಕ್ಕೆ ಹಡಗಿನಲ್ಲಿರಬೇಕಿತ್ತು. ಅವರ ವಾಚಿನಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೂವರೂ ಆರಾಮಾಗಿ ಬಂದರಿನ ತಿರುವಿಗೆ ಬಂದರು. ಹಡಗಿನ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಏಣಿ ಎಳೆದುಕೊಂಡಾಗಿತ್ತು.

ಆಮೇಲಿನದು ಲಕ್ಷ್ಮಿಯ ಪಾಲು. ಆವತ್ತು ಡ್ಯೂಟಿಯಲ್ಲಿದ್ದದ್ದು ಅವರು, ಮೇಲಿನ ಕಟಕಟೆಯಿಂದ ಎಲ್ಲ ಕಂಡವರು. ರೊಟ್ಟಿಯ ತಟ್ಟೆ ಹಿಡಿದುಕೊಂಡೇ ಓಡಿ ತೋರಿಸಿದರು. ಮುಂದೆ ವಯನ್, ಹಿಂದೆ ವೇದವತಿ ವಾಚನ್ನು ಮೇಲೆತ್ತಿ ಹಡಗಿಗೇ ತೋರಿಸುತ್ತ, ಕೊನೆಯಲ್ಲಿ ಮರಿಸೆಲ್, ಕೈಯಲ್ಲಿ ನಿಂಬೆಹಣ್ಣಿನ ಐಸು, ಒಂದು ಹನಿ ಚೆಲ್ಲಲಿಲ್ಲ. ವೇದವತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಡಗಿನ ಏಜೆಂಟ್ ಅವರ ಪಾಸ್‌ಪೋರ್ಟ್ ಕೊಟ್ಟು ರಾತ್ರಿ ರೈಲಿಗೆ ಹತ್ತಿಸಿದರಂತೆ. ರೈಲನ್ನೇ ದೋಣಿಗೆ ಹತ್ತಿಸಿ ಸಮುದ್ರ ದಾಟಿಸಿದರಂತೆ. ಬೆಳಿಗ್ಗೆ ನೇಪಲ್ಸಿನಲ್ಲಿ ಹಡಗು ಸಿಕ್ಕಿತು, ಜೊತೆಗೆ ಎಚ್ಚರಿಕೆಯ ಕಾಗದ, ಒಂದು ತಿಂಗಳು ಇಳಿಯುವ ಹಾಗಿಲ್ಲವೆಂಬ ಶಿಕ್ಷೆ.

"ತಪ್ಪು ನನ್ನದು, ಶಿಕ್ಷೆ ಮೂವರಿಗೆ" ಎಂದರು ವೇದವತಿ, ನಗು ನಿಲ್ಲಿಸಿ. "ಆ ತಿಂಗಳು ಲಕ್ಷ್ಮಿ ಒಬ್ಬಳೇ ಇಳಿದು, ನಮಗೆ ಮೂವರಿಗೂ ಊರು ಹೇಳಿದಳು."

ನಾನೂ ನಕ್ಕಿದ್ದೆ. ಆದರೆ ಮೂರು ಮಹಡಿ ಇಳಿಯುವಷ್ಟರಲ್ಲಿ ನಗು ಹೋಗಿ ಹೆದರಿಕೆ ಬಂತು. ವಾಚು ನೋಡಲು ಬಾರದೆ ಹಡಗು ತಪ್ಪಿಸಿಕೊಂಡವರ ಕೈಗೆ ಹನ್ನೊಂದು ತಿಂಗಳ ಮಗು? ಪಟ್ಟಿಯಲ್ಲಿ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಆದರೂ ಬುಧವಾರ ಎರಡು ಗಂಟೆ ಹೊತ್ತು ಮಗುವನ್ನು ಅವರ ಹತ್ತಿರ ಬಿಟ್ಟು ನೋಡೋಣ ಎಂದ ಪೃಥ್ವಿ. ಬಿಟ್ಟೆ. ಬಿಟ್ಟು ಮನೆಗೆ ಹೋಗಲಾರದೆ ಕೆಳಗಿನ ಮಾಮಕ್ ಅಂಗಡಿಯಲ್ಲಿ ಕೂತು ಮೂರು ಟೀ ಕುಡಿದೆ. ಎರಡು ಗಂಟೆ ಮುಗಿಯಲು ಹತ್ತು ನಿಮಿಷವಿದ್ದಾಗಲೇ ಮೇಲೆ ಹತ್ತಿದೆ. ಗಾನವಿ ಚಾಪೆಯ ಮೇಲೆ ಕೂತು ಪ್ಲಾಸ್ಟಿಕ್ ಲೋಟವನ್ನು ನೆಲಕ್ಕೆ ಬಡಿಯುತ್ತಿದ್ದಳು. ಅವಳ ಹಣೆಯ ಎಡಗಡೆ ಕೆಂಪಗೆ ಒಂದು ಗೆರೆ.

ನಾನು ಬಾಯಿ ತೆರೆಯುವ ಮೊದಲೇ ವೇದವತಿ ಕೂತುಕೊಳ್ಳಿ ಎಂದರು. ನನ್ನ ಎದುರು ಕೂತು, ಮೊದಲಿನಿಂದ ಹೇಳತೊಡಗಿದರು. ನಾನು ಹೋದ ಮೇಲೆ ಅವಳು ಬಾಗಿಲನ್ನು ಎರಡು ಸಲ ನೋಡಿದಳು, ಮೂರನೆಯ ಸಲ ಅತ್ತಳು. ರೈಲು ಹೋದಾಗ ಸುಮ್ಮನಾದಳು, ಮುಂದಿನ ರೈಲಿಗೆ ಬೆರಳು ತೋರಿಸಿದಳು. ಬಾಳೆಹಣ್ಣು ಅರ್ಧ ತಿಂದು ಉಳಿದದ್ದನ್ನು ಪಕ್ಕದ ಹುಡುಗಿಯ ಕೂದಲಿಗೆ ಹಚ್ಚಿದಳು. ಹನ್ನೊಂದಕ್ಕೆ ಚಪ್ಪಲಿಯ ಸ್ಟ್ಯಾಂಡ್ ಹಿಡಿದು ಎದ್ದು ನಿಂತಳು. "ನಾನು ಆಗ ಇನ್ನೊಂದು ಮಗುವಿನ ಮೂಗು ಒರೆಸ್ತಾ ಇದ್ದೆ. ನನ್ನ ಕಣ್ಣು ತಪ್ಪಿದ್ದು. ಕೈ ಬಿಟ್ಟು ಬಿದ್ದಳು, ಹಣೆ ತಾಗಿತು. ನಾಲ್ಕು ನಿಮಿಷ ಅತ್ತಳು. ಐಸು ಇಟ್ಟೆ. ಸ್ಟ್ಯಾಂಡ್ ಈಗ ಹೊರಗೆ ಇಟ್ಟಿದ್ದೇನೆ."

ನಾನು ಮಗುವನ್ನು ಎತ್ತಿಕೊಂಡೆ. ಆಮೇಲೆ ಹೇಳುತ್ತೇನೆ ಎಂದೆ, ಮುಖ ನೋಡದೆ. ಹೊರಗೆ ಆ ಸ್ಟ್ಯಾಂಡಿತ್ತು. ಅದರ ಪಕ್ಕದಲ್ಲಿ ನನ್ನ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದೆ.

ಗುರುವಾರವೆಲ್ಲ ಆ ಗೆರೆಯನ್ನೇ ನೋಡಿದೆ. ಸಂಜೆಗೆ ಅದು ಮಾಯವಾಗಿತ್ತು. ಶುಕ್ರವಾರ ಮಧ್ಯಾಹ್ನ ಗಾಜಿನ ಶಿಶುವಿಹಾರದ ಫಾರಂ ತುಂಬಲು ಕೂತೆ. ಮಗುವಿನ ಹೆಸರು, ಹುಟ್ಟಿದ ದಿನ ಬರೆದೆ. ಅಲ್ಲೇ ಪೆನ್ನು ನಿಂತಿತು. ನನ್ನ ಕೆಲಸದಲ್ಲಿ ನಾನು ಹೊಸಬರಿಗೆ ಹೇಳಿಕೊಡುವ ಮೊದಲ ಮಾತು ನೆನಪಾಯಿತು. ಒಂದು ತಪ್ಪೂ ಸಿಗಲಿಲ್ಲ ಎಂದು ಯಾರಾದರೂ ವರದಿ ಕೊಟ್ಟರೆ, ಅವರು ಸರಿಯಾಗಿ ನೋಡಿಲ್ಲ, ಇಲ್ಲ ನೋಡಿಯೂ ಹೇಳುತ್ತಿಲ್ಲ. ಎರಡರಲ್ಲಿ ಯಾವುದಾದರೂ ಅದನ್ನು ನಾನು ವಾಪಸು ಕಳಿಸುತ್ತೇನೆ. ಒಂದು ಮಗುವೂ ಬಿದ್ದಿಲ್ಲ ಎಂಬ ಮಾತನ್ನು ಮಾತ್ರ ಪಟ್ಟಿಯ ಮೇಲ್ತುದಿಯಲ್ಲಿ ಇಟ್ಟುಕೊಂಡು ಕೂತಿದ್ದೆ.

ಗಾನವಿ ನನ್ನ ಕಾಲು ಹಿಡಿದು ಎದ್ದು ನಿಂತಳು. ಕಿಟಕಿಯ ಆಚೆ ದೂರದಲ್ಲಿ ರೈಲು ಹೋಯಿತು, ಸದ್ದು ಬಹಳ ಸಣ್ಣದು. ಅವಳು ಅತ್ತ ಬೆರಳು ತೋರಿಸಿದಳು. ಬುಧವಾರದ ಮೊದಲು ಅವಳು ಹಾಗೆ ತೋರಿಸಿದ್ದಿಲ್ಲ. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ಫೋನ್ ತೆಗೆದುಕೊಂಡೆ. ಹೆಸರು ಹುಡುಕಿ, ಒತ್ತದೆ, ಒಮ್ಮೆ ಕೆಳಗಿಟ್ಟೆ. ಮತ್ತೆ ತೆಗೆದುಕೊಂಡೆ. ನಾಲ್ಕು ಸಲ ರಿಂಗ್ ಆಯಿತು.

"ಹಾಂ, ಹೇಳಿ" ಎಂದರು. ಹಿಂದೆ ಯಾವುದೋ ಮಗು ಇಂಗ್ಲಿಷಿನಲ್ಲಿ ನೀರು ಕೇಳುತ್ತಿತ್ತು.

"ವೇದಕ್ಕ, ಸೋಮವಾರದಿಂದ ನಾನು ಡ್ಯೂಟಿ. ಸಂಜೆ ನೀವು ಊರು ಹೇಳಬೇಕು."

ಅವರು ನನ್ನ ಆಫೀಸು ಎಷ್ಟಕ್ಕೆ ಮುಗಿಯುತ್ತದೆಂದು ಕೇಳಿದರು. ಐದೂವರೆ ಎಂದೆ.

"ಹಾಗಾದರೆ ಆರಕ್ಕೆ ಬನ್ನಿ. ಬಂದ ಕೂಡಲೇ ಮಗು ಎತ್ತಿಕೊಂಡು ಓಡ್ಲಿಕ್ಕಿಲ್ಲ ಮತ್ತೆ. ಕೂತುಕೊಳ್ಳಲಿಕ್ಕೆ ಪುರುಸೊತ್ತು ಮಾಡಿಕೊಂಡು ಬನ್ನಿ, ಹೇಳ್ಲಿಕ್ಕೆ ತುಂಬಾ ಇರ್ತದೆ."