ಜಯಮ್ಮನ ಕೈಗುಣ

ನಲವತ್ತು ಗಂಧದ ಗಿಡ, ಜೊತೆಗೆ ಒಬ್ಬ ಹೆಂಗಸಿಗೆ ತನ್ನ ಕೈಯ ಮೇಲಿದ್ದ ನಂಬಿಕೆ — ನಾನು ಕೊಟ್ಟ ಒಂದು ಸುಳ್ಳು ಸಲಹೆಗೆ ತೆತ್ತ ಬೆಲೆ ಇಷ್ಟು. ತೆತ್ತವಳು ನಾನಲ್ಲ, ನನ್ನ ಓರಗಿತ್ತಿ ಜಯಮ್ಮ. ಕಾರಣ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕಿ ನೋಡಿದೆ — ಸಿಗಲಿಲ್ಲ.

ಹಿನಕಲ್ಲಿನಲ್ಲಿ ನನ್ನದೊಂದು ನರ್ಸರಿ ಇದೆ. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಸೇವಂತಿಗೆ ಸಸಿ ಮಾರಿ ಮೇಲೆ ಬಂದವಳು ನಾನು. ಚೌಕಾಸಿಯಲ್ಲಿ ನನ್ನನ್ನು ಗೆದ್ದವರಿಲ್ಲ. ಯಾವ ಗಿಡ ಎಲ್ಲಿ ನೆಡಬೇಕೆಂದು ಕೇಳದವರಿಗೂ ಹೇಳಿ ಕಳಿಸುತ್ತೇನೆ. ಜಯಮ್ಮ ಊರಿನಲ್ಲೇ ಉಳಿದು ಮನೆಯ ಬೆದ್ದಲು ನೋಡಿಕೊಂಡಳು. ಮಳೆಯನ್ನೇ ನಂಬಿದ ಆ ನೆಲದಲ್ಲಿ ರಾಗಿ, ನಡುನಡುವೆ ಅವರೆ, ತೊಗರಿಯ ಸಾಲು. ಬದುವಿನ ಮೇಲೆ ಹೊಂಗೆ, ಹೆಬ್ಬೇವು. ನನ್ನಲ್ಲೇ ಕೊಂಡ ಗಂಧದ ಸಸಿಗಳನ್ನು, ನೆರಳಾಗಲೆಂದು, ತೊಗರಿಯ ಪಕ್ಕದಲ್ಲಿ ನೆಟ್ಟಿದ್ದಳು.

ಜನ ನೋಡಲು ಹೋಗತೊಡಗಿದರು. ಲಕ್ಷ್ಮೀಪುರಂನ ನನ್ನ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು, ಒಂದು ದಿನ ನಗುತ್ತಾ ಅಂದರು: "ನಿಮ್ಮ ಓರಗಿತ್ತಿ ಹೊಲ ನೋಡ್ಕೊಂಡು ಬಂದೆ ಕಣ್ರೀ. ಏನು ಕೈಗುಣ ಆಯಮ್ಮಂದು! ನೀವು ಬಿಡಿ, ಪ್ಲಾಸ್ಟಿಕ್ ಕವರಿಂದ ಆಚೆಗೇ ಬರ್ಲಿಲ್ಲ."

ನಾನೂ ನಕ್ಕೆ. ಆದರೆ ಅಂದು ಅವರಿಗೆ ಗುಲಾಬಿ ಗಿಡದ ಬೆಲೆ ಒಂದು ಪೈಸೆ ಇಳಿಸಲಿಲ್ಲ.

ಮುಂದಿನ ವಾರ ಜಯಮ್ಮ ಬಂದಳು. "ಅಕ್ಕ, ತೊಗರಿ ಬಾಳ ಎತ್ರ ಬೆಳ್ದ್‌ಬುಟ್ಟದೆ. ಗಂಧಕ್ಕೆ ತೊಂದ್ರೆ ಆಗಕಿಲ್ವಾ?"

ಗಂಧ ಒಂಟಿಯಾಗಿ ಬದುಕುವ ಗಿಡವಲ್ಲ. ಪಕ್ಕದ ಗಿಡದ ಬೇರು ಹಿಡಿದು ಅದರಿಂದ ಉಣ್ಣುತ್ತದೆ. ಗಿರಾಕಿಗಳಿಗೆ ದಿನವೂ ಹೇಳುವ ಮಾತು ಇದು. ಅವಳಿಗೆ ಮಾತ್ರ —

"ಬುಡಸಮೇತ ಕಿತ್ತಾಕ್ಬುಡು ಕಣಮ್ಮ. ಗಂಧಕ್ಕೆ ಉಸಿರು ಕಟ್ಟುತ್ತೆ."

ಕಿತ್ತಳು. ಬೇಸಿಗೆ ಮುಗಿಯುವುದರೊಳಗೆ ನಲವತ್ತೂ ಒಣಗಿದವು. ನನ್ನನ್ನು ದೂರಲಿಲ್ಲ. "ನನ್ ಕೈಗುಣಾನೇ ಸರಿಯಿಲ್ಲ ಅಕ್ಕ" ಅಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಂದಿನಿಂದ ಏಳು ವರ್ಷ, ಬಿತ್ತನೆಯ ಮೊದಲ ಹಿಡಿ ಬೀಜವನ್ನು ಅವಳು ಬೇರೆಯವರ ಕೈಲಿ ಹಾಕಿಸಿದಳು.

ಈ ಮುಂಗಾರಿಗೆ ಮತ್ತೆ ಗಂಧ ನೆಡಲು ಹೊರಟವಳು ನನ್ನನ್ನೇ ಕರೆಸಿದಳು. ಗುಂಡಿಯ ಪಕ್ಕ ನಿಂತು ಸಸಿಯನ್ನು ನನ್ನ ಕೈಗಿಟ್ಟಳು. "ನೀವೇ ನೆಡಿ ಅಕ್ಕ. ನಿಮ್ ಕೈಲಿ ನೆಟ್ಟಿದ್ದು ಸಾಯಾಕಿಲ್ಲ."

ಆಗ ಹೇಳಿದೆ — ಮೇಷ್ಟ್ರ ಮಾತು, ತೊಗರಿಯ ಮಾತು, ಎಲ್ಲವನ್ನೂ.

ಅವಳು ಬೈಯಲಿಲ್ಲ. ಮಣ್ಣು ಮೆತ್ತಿದ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಹಂಗಾದ್ರೆ... ಇವು ಏನೂ ಮಾಡಿರ್ಲಿಲ್ವಾ?"

ಆಮೇಲೆ ನನ್ನಿಂದ ಸಸಿ ಕಿತ್ತುಕೊಂಡು ತಾನೇ ನೆಟ್ಟಳು. ಬುಡಕ್ಕೆ ಮಣ್ಣು ಅದುಮುವ ಅವಳ ಬೆರಳು ನೋಡುತ್ತಾ — ಇದನ್ನೂ ಮುಚ್ಚಿಡುವುದಿಲ್ಲ — ಆಗಲೂ ನನ್ನ ಹೊಟ್ಟೆ ಉರಿಯಿತು. ನಾನು ಹೊರಡುವವರೆಗೂ ಅವಳು ಒಮ್ಮೆಯೂ ಅಕ್ಕ ಅನ್ನಲಿಲ್ಲ.

ಒಣಭೂಮಿಯಲ್ಲಿ ಗಂಧ ನೆಡುವವರು ಕೇಳಿ. ಪಕ್ಕದಲ್ಲೇ ತೊಗರಿ ಹಾಕಿ. ಎತ್ತರ ಹೆಚ್ಚಾದರೆ ತುದಿ ಕತ್ತರಿಸಿ, ಕೀಳಬೇಡಿ. ಅದರ ಕಾಲ ಮುಗಿಯುವ ಮೊದಲೇ ಹತ್ತಿರದಲ್ಲೊಂದು ಹೊಂಗೆ ಬೆಳೆಸಿಕೊಳ್ಳಿ. ತೊಗರಿ ಕೀಳಿ ಎಂದು ಯಾರೇ ಹೇಳಲಿ, ಕೇಳಬೇಡಿ — ಎಷ್ಟೇ ತಿಳಿದವಳಾಗಲಿ, ನೀವು ಬಾಯಿ ತುಂಬ ಅಕ್ಕ ಎಂದು ಕರೆಯುವವಳೇ ಆಗಲಿ.