ಬೋನಫೈಡ್ ಎಂಬ ಪುಸ್ತಕ

ಕೋವಿಡ್ ಕಳೆದು ಕಾಲೇಜುಗಳು ಮತ್ತೆ ತುಂಬಿದ ವರ್ಷ ನಾನು ಗೌರಿಬಿದನೂರು ಕಡೆಯ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಪುಸ್ತಕ ಕೊಟ್ಟು ವಾಪಸು ಪಡೆಯುವುದಷ್ಟೇ ನನ್ನ ಕೆಲಸ ಎಂದು ಎಲ್ಲರೂ ತಿಳಿದಿದ್ದರು.

ಅಡ್ಮಿಷನ್ ಮುಗಿದ ವಾರ, ನಗರಗೆರೆಯ ಲಾವಣ್ಯ ಎಂಬ ಬಿಎಸ್ಸಿ ಹುಡುಗಿ ಎರಡು ದಿನದಿಂದ ಇಂಗ್ಲಿಷ್ ಪುಸ್ತಕಗಳ ಕಪಾಟು ತಡಕಾಡುತ್ತಿದ್ದಳು. ಏನು ಬೇಕಮ್ಮ ಎಂದೆ.

“ಬೋನಫೈಡ್ ಅನ್ನೋ ಬುಕ್ ಮೇಡಂ. ಸೀಟು ಬೇಕಂದ್ರೆ ಕಾಲೇಜಿಂದ ತಗೊಂಡ್ ಬಾ ಅಂದ್ರು ಹಾಸ್ಟೆಲ್‌ನಲ್ಲಿ. ಇವತ್ತೇ ಲಾಸ್ಟ್ ಡೇಟ್ ಅಂತೆ.”

ನಗು ಬರಲಿಲ್ಲ, ಮೈ ಉರಿಯಿತು. ಬೋನಫೈಡ್ ಎಂದರೆ ಈಕೆ ನಮ್ಮ ವಿದ್ಯಾರ್ಥಿನಿ ಎಂದು ಕಾಲೇಜು ಬರೆದುಕೊಡುವ ವ್ಯಾಸಂಗ ಪ್ರಮಾಣಪತ್ರ. ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಹಾಸ್ಟೆಲ್‌ನವರ ಗಂಟೇನು ಹೋಗುತ್ತಿತ್ತು? ದಿನಾ ಪ್ರಾಕ್ಟಿಕಲ್ ತರಗತಿ ಬಿಡುವಷ್ಟರಲ್ಲಿ ಅವಳೂರಿನ ಕೊನೆಯ ಬಸ್ಸು ಹೊರಟುಹೋಗುತ್ತಿತ್ತು. ಹಾಸ್ಟೆಲ್ ಸಿಗದಿದ್ದರೆ ಬಿಎಸ್ಸಿ ಬೇಡ ಎಂದು ಅವಳಪ್ಪ ಕಡ್ಡಿ ಮುರಿದಂತೆ ಹೇಳಿದ್ದರು.

ಅವಳನ್ನು ಕರೆದುಕೊಂಡು ಆಫೀಸಿಗೆ ಹೋದೆ. ಕಿಟಕಿಯಲ್ಲಿದ್ದ ಗುಮಾಸ್ತರು ತಲೆ ಎತ್ತದೆ, ಫೀ ರಸೀದಿಯ ಜೆರಾಕ್ಸ್ ಬೇಕು ಎಂದರು. ತಂದೆವು. ವಿಭಾಗದ ಮುಖ್ಯಸ್ಥರ ಸಹಿ ಎಂದರು. ಹಾಕಿಸಿದೆವು. ಆಮೇಲೆ, ಪ್ರಿನ್ಸಿಪಾಲರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ ಎಂದರು.

“ಇದನ್ನೆಲ್ಲ ಒಂದೇ ಸಲ ಹೇಳೋಕೇನ್ರಿ ಕಷ್ಟ?” ಎಂದು ರೇಗಿದೆ.

“ಇದು ಲೈಬ್ರರಿ ಕೆಲಸ ಅಲ್ಲ ಮೇಡಂ. ನಿಮಗ್ಯಾಕೆ ಇಲ್ಲದ ಉಸಾಬರಿ?” ಎಂದರು ಗುಮಾಸ್ತರು.

ಮೀಟಿಂಗ್ ಮುಗಿಯುವವರೆಗೂ ಅಲ್ಲೇ ನಿಂತು ಸಹಿ ಹಾಕಿಸಿದೆ. ಲಾವಣ್ಯ ಓಡಿದಳು. ಅಷ್ಟು ಹೊತ್ತಿಗೆ ಹಾಸ್ಟೆಲ್ ಕಚೇರಿಗೆ ಬೀಗ ಬಿದ್ದಿತ್ತು. ಮರುದಿನ ಹೋದರೆ ಸೀಟು ಭರ್ತಿಯಾಗಿದೆ ಎಂದರು. ನಾನು ಫೋನ್ ಮಾಡಿ ಬೇಡಿಕೊಂಡೆ, ಜಗಳವನ್ನೂ ಆಡಿದೆ. ಏನೂ ಉಪಯೋಗವಾಗಲಿಲ್ಲ. ಅವಳು ಬಿಎಗೆ ಬದಲಾಯಿಸಿಕೊಂಡಳು. ಬಿಎ ತರಗತಿಗಳು ಬಸ್ಸಿನ ಹೊತ್ತಿಗಿಂತ ಮೊದಲೇ ಮುಗಿಯುತ್ತವೆ.

ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮುಂದಿನ ವರ್ಷದ ಅಡ್ಮಿಷನ್ ಹೊತ್ತಿಗೆ ಲೈಬ್ರರಿ ಬಾಗಿಲಲ್ಲೇ ಒಂದು ಮೇಜು ಹಾಕಿಸಿದೆ. ಯಾವ ಕಾಗದಕ್ಕೆ ಯಾವ ಕಿಟಕಿ, ಮೊದಲು ಯಾರ ಸಹಿ ಎಂದು ಕನ್ನಡದಲ್ಲಿ ಹೇಳಿಕೊಡುವ ಮೇಜು. ಆಫೀಸಿನವರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ. ಕೇಳಬೇಕೆಂದರೂ ಏನು ಕೇಳಬೇಕೆಂದು ಗೊತ್ತಿರಬೇಕು. ಅದು ಗೊತ್ತಿಲ್ಲದ ಮಕ್ಕಳು ಸುಮ್ಮನೆ ಕಪಾಟು ಹುಡುಕುತ್ತಾ ನಿಲ್ಲುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಆ ಮೇಜಿನ ಹಿಂದೆ ಕೂರಲು ತಾನಾಗಿಯೇ ಬಂದವಳು ಲಾವಣ್ಯ. ಮೊದಲ ದಿನ ಬಿಎಸ್ಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದು ತಡವರಿಸಿದಳು.

“ಬೋನಫೈಡ್ ಅಂದ್ರೆ ಏನೂ ಇಲ್ಲ ಕಣೇ, ಒಂದು ಕಾಗದ ಅಷ್ಟೆ,” ಎಂದಳು ಲಾವಣ್ಯ. “ಇವತ್ತೇ ಈಸ್ಕೋ. ನಾಳೆ ಬಾ ಅಂದ್ರೆ ಮಾತ್ರ ಅಲ್ಲಿಂದ ಕದಲ್ಬೇಡ.”