ಇಲ್ಲದ ಚಪ್ಪರಕ್ಕೆ ತಲೆ ತಗ್ಗಿಸಿ

“ಪೈಕಿ ಚೂಡಂಡಿ ಮೇಡಂ! ಮೇಲೆ ನೋಡಿ, ಮೇಲೆ!”

ನನಗೆ ಕುದುರೆ ಸವಾರಿ ಕಲಿಸುವ ಮೇಷ್ಟ್ರು ಚಿಂತಾಮಣಿ ಕಡೆಯವರು. ಸಮಾಧಾನವಿರುವಷ್ಟು ಹೊತ್ತು ಕನ್ನಡ, ಸಿಟ್ಟು ಬಂದರೆ ತೆಲುಗು. ಈಚೆಗೆ ನನ್ನ ಪಾಠದಲ್ಲಿ ಬರೀ ತೆಲುಗೇ ಕೇಳಿಸುತ್ತಿತ್ತು.

ನಂದಿಯ ಹತ್ತಿರದ ಅವರ ಮೈದಾನಕ್ಕೆ ಪ್ರತಿ ಭಾನುವಾರ ಚಿಕ್ಕಬಳ್ಳಾಪುರದಿಂದ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ವಾರವೆಲ್ಲ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಮಾಡಿದ ತಪ್ಪನ್ನೇ ಮತ್ತೆ ಮತ್ತೆ ಮಾಡುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಭಾನುವಾರ ಬಂತೆಂದರೆ ಅಂಥವರ ಸಾಲಿನಲ್ಲಿ ನಾನೇ ಮೊದಲು. ಕುದುರೆಯ ನಡಿಗೆ ಸರಿ, ಓಟ ಸರಿ. ಮೊಣಕಾಲೆತ್ತರಕ್ಕೆ ಅಡ್ಡ ಇಟ್ಟ ಒಂದು ಗಳ ಎದುರಾದರೆ ಮಾತ್ರ ನನ್ನ ಕಂದು ಕುದುರೆ ಗಕ್ಕನೆ ನಿಂತುಬಿಡುತ್ತಿತ್ತು. ನಾನು ಹೋಗಿ ಅದರ ಕುತ್ತಿಗೆಗೆ ಅಪ್ಪಳಿಸುತ್ತಿದ್ದೆ.

ಗಳದ ಹತ್ತಿರ ಬಂದ ಕೂಡಲೇ ನಾನು ತಲೆ ತಗ್ಗಿಸುತ್ತೇನಂತೆ. ತಲೆ ತಗ್ಗಿದರೆ ಭುಜ ಮುಂದಕ್ಕೆ ಬೀಳುತ್ತದೆ, ಭಾರವೆಲ್ಲ ಕುದುರೆಯ ಮುಂಗಾಲಿನ ಮೇಲೆ. ಅದು ಮೇಲೇಳುವುದಾದರೂ ಹೇಗೆ? ಇದೆಲ್ಲ ನನಗೆ ಅರ್ಥವಾಗುತ್ತಿತ್ತು. ಬೇಕಾದರೆ ಬೋರ್ಡಿನ ಮೇಲೆ ಚಿತ್ರ ಬರೆದು ಇನ್ನೊಬ್ಬರಿಗೆ ವಿವರಿಸಬಲ್ಲೆ. ಮನೆಯಲ್ಲಿ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಅಭ್ಯಾಸವನ್ನೂ ಮಾಡಿದೆ. ಸ್ಟೂಲಿನ ಮೇಲೆ ನಾನು ಬಹಳ ಚೆನ್ನಾಗಿ ಹಾರುತ್ತಿದ್ದೆ.

ಕೊನೆಗೆ ಮೇಷ್ಟ್ರು ಹೇಳಿಯೇಬಿಟ್ಟರು. “ಇದು ಎಗರೋ ಕುದ್ರೆ ಮೇಡಂ. ಬರೋ ಭಾನುವಾರ ನಿಮ್ಮ ಕೈಲಿ ಎಗರಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ. ನೀವು ಆ ಮುದುಕನ್ನ ಹತ್ಕೊಳ್ಳಿ.”

ಮುದುಕ ಅಂದರೆ, ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಮೈದಾನ ಸುತ್ತುವ ಬಿಳಿ ಕುದುರೆ. ನನಗೆ ಅವಮಾನಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಕಂದು ಕುದುರೆ ಲಾಯದ ಬಾಗಿಲಿಗೆ ಬಂದು ಮೂಗು ಚಾಚುತ್ತಿತ್ತು. ಅದರ ಹಣೆ ಉಜ್ಜುವ ಆಸೆಗೇ ನಾನು ವಾರ ದೂಡುತ್ತಿದ್ದೆ. ಅದರ ಮೇಲೆ ಇನ್ಯಾರೋ ಕೂತು ಹಾರುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಆ ಭಾನುವಾರ ಅಮ್ಮನೂ ಸ್ಕೂಟರ್ ಹತ್ತಿದಳು. “ವಾರ ವಾರ ಮುಖ ಊದಿಸ್ಕೊಂಡು ಬರ್ತೀಯಲ್ಲ, ಅಲ್ಲಿ ಅದೇನು ಮಾಡ್ತೀಯೋ ನೋಡ್ತೀನಿ ನಡಿ.” ಮೈದಾನದ ಆ ತುದಿಯಲ್ಲಿ, ಗಳಕ್ಕೆ ನೇರವಾಗಿ, ಬೇಲಿಯಾಚೆ ನಿಂತುಕೊಂಡಳು.

ಮೊದಲ ಸಲ ಕುದುರೆ ನಿಂತಿತು. ಎರಡನೆಯ ಸಲವೂ ನಿಂತಿತು. ಅಮ್ಮ ಬೇಲಿ ಹಿಡಿದುಕೊಂಡು ನಗುತ್ತಿದ್ದಳು. ಕೆರಳಿ ಅವಳ ಹತ್ತಿರ ಹೋದೆ.

“ಅಯ್ಯೋ, ಇದು ನಮ್ಮ ದ್ರಾಕ್ಷಿ ತೋಟದ ಅಭ್ಯಾಸ ಕಣೇ. ಕಾಲುವೆ ಎಗರಿದ ತಕ್ಷಣ ತಲೆ ತಗ್ಗಿಸ್ತಿದ್ದೆಯಲ್ಲ, ಹಂಗೇ ಮಾಡ್ತಿದೀಯ. ಇಲ್ಲೆಲ್ಲೈತೆ ಚಪ್ಪರ?”

ನಿಜ. ಚಿಕ್ಕಂದಿನಲ್ಲಿ ನಮ್ಮ ತೋಟಕ್ಕೆ ಹೋಗಬೇಕಾದರೆ ನೀರಿನ ಕಾಲುವೆಯೊಂದನ್ನು ಹಾರಬೇಕಿತ್ತು. ಹಾರಿದ ಕೂಡಲೇ ಎದುರಿಗೆ ದ್ರಾಕ್ಷಿ ಚಪ್ಪರದ ಮೊದಲ ತಂತಿ. ವಯಸ್ಸಿಗೆ ಮೀರಿ ಉದ್ದ ಬೆಳೆದಿದ್ದ ನನ್ನ ಹಣೆಗೆ ಅದು ಸರಿಯಾಗಿ ಬಡಿಯುತ್ತಿತ್ತು. “ತಲೆ ತಗ್ಸೇ!” ಎಂದು ಅಮ್ಮ ಚಪ್ಪರದ ಒಳಗಿನಿಂದ ದಿನವೂ ಕೂಗುತ್ತಿದ್ದಳು. ಆ ಬಳ್ಳಿಗಳನ್ನು ಕಿತ್ತು ಗುಲಾಬಿ ಹಾಕಿ ಎಷ್ಟೋ ವರ್ಷವಾಗಿದೆ. ನನ್ನ ಕತ್ತಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಕಾರಣ ಸಿಕ್ಕಿತಲ್ಲ, ಇನ್ನೇನು ಎಂದುಕೊಂಡು ಮತ್ತೆ ಹೊರಟೆ. ಮತ್ತೆ ತಲೆ ತಗ್ಗಿತು. ಕುದುರೆ ಮತ್ತೆ ನಿಂತಿತು. ಗೊತ್ತಿಲ್ಲದೆ ತಪ್ಪಿದರೆ ಹೇಗೋ ಸಹಿಸಬಹುದು, ಗೊತ್ತಾದ ಮೇಲೂ ತಪ್ಪುವುದಿದೆಯಲ್ಲ, ಅದು ಹೊಟ್ಟೆಗೆ ಬೆಂಕಿ ಹಾಕುತ್ತದೆ.

“ಇದೇ ಕೊನೇದು ಮೇಡಂ,” ಎಂದರು ಮೇಷ್ಟ್ರು. ಈಗ ತೆಲುಗೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನನಗೆ ಇನ್ನಷ್ಟು ಭಯವಾಯಿತು.

ಕುದುರೆ ಓಡಿತು. ಗಳ ಹತ್ತಿರವಾಯಿತು. ನಾನು ಬಿದ್ದೇಬಿಡುತ್ತೇನೆಂದು ಹೆದರಿದ ಅಮ್ಮ, ತೋಟದ ಹಳೇ ಅಭ್ಯಾಸಕ್ಕೆ, ಬೇಲಿಯಾಚೆಯಿಂದ ಗಂಟಲು ಹರಿಯುವಂತೆ ಕೂಗಿದಳು.

“ತಲೆ ತಗ್ಸೇ!”

ನನಗೆ ಎಲ್ಲಿಲ್ಲದ ಕೋಪ ಬಂತು. “ಸುಮ್ನಿರಮ್ಮಾ!” ಎಂದು ಕಿರುಚಿ ತಲೆಯೆತ್ತಿ ಅವಳನ್ನೇ ದುರುಗುಟ್ಟಿಕೊಂಡು ನೋಡಿದೆ. ನೋಡುತ್ತಿದ್ದಂತೆಯೇ ಕುದುರೆಯ ಬೆನ್ನು ನನ್ನ ಕೆಳಗೆ ಉಬ್ಬಿತು. ಒಂದು ಗಳಿಗೆ ಗೊರಸಿನ ಸದ್ದೇ ಇಲ್ಲ. ಆಮೇಲೆ ಧಪ್ಪೆಂದು ನೆಲ ಸಿಕ್ಕಿತು. ತಿರುಗಿ ನೋಡಿದರೆ ಗಳ ಇದ್ದಲ್ಲೇ ಇತ್ತು.

“ನೋಡಿದ್ಯಾ, ನಾನು ಹೇಳಿದ್ದಕ್ಕೇ ಎಗರಿತು,” ಎಂದಳು ಅಮ್ಮ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಕುದ್ರೆ ಇವರಿಗೇ ಇರಲಿ. ಅಮ್ಮಾ, ಬರೋ ಭಾನುವಾರನೂ ಬಂದು ನೀವು ಅಲ್ಲೇ ನಿಂತ್ಕೊಳ್ಳಿ.”

ಕೆಳಗಿಳಿದು ಕುದುರೆಯ ಹಣೆ ಉಜ್ಜುತ್ತಾ ನಿಂತೆ. ಕಣ್ಣು ತುಂಬಿ ಬಂದಿತ್ತು. ಅಮ್ಮನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಯದಿದ್ದರೇ ಒಳ್ಳೆಯದು, ಬರುವ ಭಾನುವಾರಕ್ಕೆ ಬೇಕಾಗುತ್ತದೆ.